ಐವತ್ತನಾಲ್ಕು ವರ್ಷಗಳ ಒಂದು ಸುತ್ತು

ಕಳೆದ ವಾರ ಮೊಮ್ಮಗಳು ತನ್ನ ವಿಜ್ಞಾನದ ಪುಸ್ತಕವನ್ನು ಹಿಡಿದುಕೊಂಡು ಬಂದು ನನ್ನ ಪಕ್ಕದಲ್ಲಿ ಕುಳಿತಳು. "ಅಜ್ಜ, 1980ರಲ್ಲಿ ನಮ್ಮ ಕರ್ನಾಟಕದಲ್ಲೇ ಖಗ್ರಾಸ ಸೂರ್ಯಗ್ರಹಣ ಆಗಿತ್ತಂತೆ. ನೀನು ನೋಡಿದ್ಯಾ?" ಎಂದು ಕೇಳಿದಳು. "ಇಲ್ಲ ಮಗಳೇ, ನೋಡಲಿಲ್ಲ" ಎಂದೆ. ಆ ಪ್ರಶ್ನೆಗೆ ನಾನು ಕೊಟ್ಟ ಮೊದಲ ಪ್ರಾಮಾಣಿಕ ಉತ್ತರ ಅದು. ಬಹಳ ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿಗಳು ಇದನ್ನೇ ಕೇಳಿದ್ದಾಗ ಬೇರೆಯ ಉತ್ತರ ಹೇಳಿದ್ದೆ. ಅವರಲ್ಲಿ ಕೆಲವರು ಈ ಪುಟಗಳನ್ನು ಓದುತ್ತಾರೆಂದು ಬಲ್ಲೆ. ಆದುದರಿಂದ ಈ ಬರಹ.

ಗ್ರಹಣದ ಕುರಿತ ನನ್ನ ಮೊದಲ ನೆನಪು 1962ರ ಫೆಬ್ರವರಿಯದು. ಆಗ ನನಗೆ ಹತ್ತು ವರ್ಷ. ಮಕರ ರಾಶಿಯಲ್ಲಿ ಎಂಟು ಗ್ರಹಗಳು ಕೂಡುತ್ತವೆ, ಲೋಕವೇ ಮುಳುಗುತ್ತದೆ ಎಂಬ ಅಷ್ಟಗ್ರಹ ಕೂಟದ ಭಯ ದೇಶವನ್ನೆಲ್ಲ ಆವರಿಸಿತ್ತು. ನಮ್ಮ ಬ್ರೂಸ್‌ಪೇಟೆಯ ಓಣಿಗಳಲ್ಲೂ ಭಜನೆ, ಹೋಮಗಳದೇ ಸದ್ದು. ಹೇಗೂ ಲೋಕ ಮುಳುಗುವುದಲ್ಲ ಎಂದು ನಾನು ಮೇಷ್ಟ್ರು ಕೊಟ್ಟ ಮಗ್ಗಿಯನ್ನು ಬರೆಯದೆ ಬಿಟ್ಟೆ. ಕೂಟ ಮುಗಿದ ಮರುದಿನ ಬೆಳಿಗ್ಗೆ ಬಳ್ಳಾರಿ ಗುಡ್ಡ ನಿಂತಲ್ಲೇ ನಿಂತಿತ್ತು. ಅಜ್ಜಿ ನಕ್ಕು, "ಲೋಕ ಉಳೀತು, ನಿನ್ನ ಮಗ್ಗೀನೂ ಉಳೀತು ನೋಡು" ಎಂದಳು. ಆ ಕೂಟದ ಹೊತ್ತಿನಲ್ಲೇ, ಫೆಬ್ರವರಿ 5ರಂದು, ಒಂದು ಖಗ್ರಾಸ ಸೂರ್ಯಗ್ರಹಣವೂ ಆಗಿತ್ತು. ಅದರ ನೆರಳು ಬಿದ್ದದ್ದು ದೂರದ ನ್ಯೂಗಿನಿ ಮತ್ತು ಪೆಸಿಫಿಕ್ ಸಾಗರದ ಮೇಲೆ.

ಹದಿನೆಂಟು ವರ್ಷಗಳು ಕಳೆದವು. ನಾನು ಪ್ರೌಢಶಾಲೆಯಲ್ಲಿ ಗಣಿತ, ವಿಜ್ಞಾನ ಕಲಿಸುತ್ತಿದ್ದೆ. 1980ರ ಫೆಬ್ರವರಿ 16, ಶನಿವಾರ. ಚಂದ್ರನ ದಟ್ಟ ನೆರಳು ಅಂಕೋಲೆಯ ಕಡಲತೀರದಿಂದ ನಾಡನ್ನು ಹೊಕ್ಕು, ಗದಗ, ಸಿಂಧನೂರುಗಳ ಮೇಲೆ ಹಾದು ಆಂಧ್ರದ ಕಡೆಗೆ ಸಾಗುವುದಿತ್ತು. ಗದಗಿನಲ್ಲಿ ವಿಜ್ಞಾನಿಗಳು ದೂರದರ್ಶಕಗಳನ್ನು ಹೂಡಿದ್ದರು. ಮುಂಬಯಿಯಲ್ಲಿ ಆರಂಭವಾಗಿದ್ದ ಭಾರತ–ಇಂಗ್ಲೆಂಡ್ ಟೆಸ್ಟ್ ಪಂದ್ಯಕ್ಕೆ ಆ ದಿನ ವಿಶ್ರಾಂತಿ ಘೋಷಿಸಲಾಗಿತ್ತು. ಬಳ್ಳಾರಿ ಮಾತ್ರ ಪೂರ್ಣ ನೆರಳಿನ ಪಟ್ಟೆಯಿಂದ ತುಸು ಹೊರಗೆ ಉಳಿದಿತ್ತು. ಸಿರುಗುಪ್ಪದ ದಾರಿ ಹಿಡಿದು ತುಂಗಭದ್ರೆಯನ್ನು ದಾಟಿ ಸಿಂಧನೂರು ಸೇರಿದ್ದರೆ ಸಾಕಿತ್ತು. ಎರಡು ಮೂರು ತಾಸಿನ ಬಸ್ಸಿನ ಹಾದಿ. "ನಾನು ಹೋಗಿಯೇ ಹೋಗುತ್ತೇನೆ, ಸೋಮವಾರ ಬಂದು ಎಲ್ಲವನ್ನೂ ಹೇಳುತ್ತೇನೆ" ಎಂದು ತರಗತಿಯಲ್ಲಿ ಹೇಳಿದ್ದೆ.

ಬೆಳಿಗ್ಗೆ ಹೊರಡಲು ಚೀಲ ಹೆಗಲಿಗೇರಿಸಿದಾಗ ಅವ್ವ ಬಾಗಿಲಿಗೆ ಬಂದು ನಿಂತಳು. ನನ್ನ ಹೆಂಡತಿಗೆ ಆರು ತಿಂಗಳು ತುಂಬಿತ್ತು, ಚೊಚ್ಚಲು. "ಎರಡು ಜೀವದಾಕಿ ಅದಾಳಪ್ಪಾ. ಇವತ್ತೊಂದಿನ ಮನಿ ಬಿಟ್ಟು ಹೋಗಬ್ಯಾಡ" ಎಂದಳು. ಅವಳೊಂದಿಗೆ ವಾದಿಸಬಹುದಿತ್ತು. ಆದರೆ ಹೆಂಡತಿಯ ಮುಖ ನೋಡಿದೆ. ಅವಳು ಏನನ್ನೂ ಹೇಳಲಿಲ್ಲ, ಆದರೆ ಹೆದರಿದ್ದಳು. ಚೀಲವನ್ನು ಕೆಳಗಿಟ್ಟೆ. ಅದಕ್ಕಾಗಿ ನಾನು ಇಂದಿಗೂ ಪಶ್ಚಾತ್ತಾಪ ಪಡುವುದಿಲ್ಲ.

ಮಧ್ಯಾಹ್ನ ಓಣಿಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಉಪ್ಪಿನಕಾಯಿಯ ಭರಣಿಯ ಮೇಲೆ ಅವ್ವ ಗರಿಕೆ ಇಟ್ಟಿದ್ದಳು. ಕಿಟಕಿಗಳೆಲ್ಲ ಮುಚ್ಚಿದ್ದವು. ಪಡುವಣ ಕಿಟಕಿಯ ಹಲಗೆಯಲ್ಲಿ ಮೊಳೆ ಕಿತ್ತ ಒಂದು ಸಣ್ಣ ತೂತಿತ್ತು. ಅದರಿಂದ ಬಂದ ಬೆಳಕು ಎದುರು ಗೋಡೆಯ ಮೇಲೆ ದುಂಡಗೆ ಬೀಳುತ್ತಿತ್ತು. ಮೊದಲು ಗಮನಿಸಿದವಳು ನನ್ನ ಹೆಂಡತಿ: "ನೋಡ್ರಿ, ಅದನ್ನ ಯಾರೋ ಕಚ್ಚಿದಂಗೈತಿ." ದುಂಡು ಬೆಳಕು ಸವೆಯುತ್ತ ಸವೆಯುತ್ತ ಬಿದಿಗೆಯ ಚಂದ್ರನಂತಾಯಿತು. ಮೂರೂವರೆ ದಾಟಿದ ಮೇಲೆ ಉಗುರಿನ ಗೆರೆಯಷ್ಟೇ ಉಳಿದು, ಕೋಣೆ ಮುಸ್ಸಂಜೆಯಂತೆ ಮಸುಕಾಯಿತು. ಆ ತೂತು ಸೂರ್ಯನ ಪ್ರತಿಬಿಂಬವನ್ನು ತಲೆಕೆಳಗಾಗಿ ಗೋಡೆಗೆ ತಂದಿತ್ತು. ಸೂಜಿರಂಧ್ರ ಕ್ಯಾಮರಾದ ಪಾಠವನ್ನು ನಾನು ಹತ್ತು ಸಲ ಮಾಡಿದ್ದೆ, ಕಣ್ಣಾರೆ ಕಂಡದ್ದು ಅಂದೇ.

ಸೋಮವಾರ ಮಕ್ಕಳು ಮುತ್ತಿಕೊಂಡರು. "ನೋಡಿದ್ರೇನ್ರಿ ಸಾರ್?" ವಿಜ್ಞಾನದ ಮೇಷ್ಟ್ರು ಕಿಟಕಿ ಮುಚ್ಚಿ ಮನೆಯಲ್ಲಿ ಕುಳಿತಿದ್ದನೆಂದು ಹೇಳಲು ನಾಚಿಕೆಯಾಯಿತು. "ನೋಡಿದೆ" ಎಂದೆ. ಪುಸ್ತಕದಲ್ಲಿ ಓದಿದ್ದ ಕಿರೀಟ, ವಜ್ರದುಂಗುರಗಳನ್ನು ಕಪ್ಪುಹಲಗೆಯ ಮೇಲೆ ಬರೆದು ಬಣ್ಣಿಸಿದೆ. ಆಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಅವನು ಸಿಂಧನೂರಿನ ಹತ್ತಿರದ ಅಕ್ಕನ ಊರಿಗೆ ಹೋಗಿದ್ದನಂತೆ. "ಸಾರ್, ಒಮ್ಮಿಗೇ ಕತ್ತಲಾತು. ಹೊಲದಾಗಿನ ಎಮ್ಮಿ ತಾವಾ ಮನಿ ಕಡೆ ಹೊಂಟವು. ನನಗ ಅಳು ಬಂತು ಸಾರ್." ತರಗತಿಯೆಲ್ಲ ನಕ್ಕಿತು. "ಕೂತ್ಕೋ" ಎಂದೆ. ಆ ಕೋಣೆಯಲ್ಲಿ ನಿಜವಾಗಿ ನೋಡಿದವನು ಅವನೊಬ್ಬನೇ. ನೋಡದವನು ಅವನ ಬಾಯಿ ಮುಚ್ಚಿಸಿದೆ.

ನಿವೃತ್ತಿಯಾದ ಮೇಲೆ ಗ್ರಹಣಗಳ ಕೋಷ್ಟಕಗಳನ್ನು ನೋಟುಬುಕ್ಕಿನಲ್ಲಿ ಬರೆದಿಡುವ ಹವ್ಯಾಸ ಬೆಳೆಯಿತು. ಆಗ ತಿಳಿದದ್ದು, 1962ರ ಗ್ರಹಣವೂ 1980ರ ಗ್ರಹಣವೂ ಒಂದೇ ವಂಶದವು ಎಂದು. ಇದನ್ನು ಸಾರೋಸ್ ಚಕ್ರವೆನ್ನುತ್ತಾರೆ. ಬ್ಯಾಬಿಲೋನಿನ ಪ್ರಾಚೀನರು ಇದನ್ನು ಬಲ್ಲವರಾಗಿದ್ದರು. ಸಾರೋಸ್ ಎಂಬ ಹೆಸರು ಹ್ಯಾಲಿಯಿಂದ ಬಂದದ್ದು. ಲೆಕ್ಕ ಸರಳವಾಗಿದೆ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ 29.53 ದಿನ, ಅಂತಹ 223 ತಿಂಗಳುಗಳಿಗೆ 6585.32 ದಿನ. ಚಂದ್ರನ ಹಾದಿಯು ಸೂರ್ಯನ ಹಾದಿಯನ್ನು ಕತ್ತರಿಸುವ ಎರಡು ಬಿಂದುಗಳೇ ನಮ್ಮ ಪಂಚಾಂಗದ ರಾಹು ಮತ್ತು ಕೇತು. ಅದೇ ಬಿಂದುವಿಗೆ ಚಂದ್ರ ಮರಳಲು 27.21 ದಿನ, ಅಂತಹ 242 ಸುತ್ತುಗಳಿಗೆ 6585.36 ದಿನ. ಎರಡು ಲೆಕ್ಕಗಳೂ ಹೆಚ್ಚುಕಡಿಮೆ ಒಂದೇ ಗಳಿಗೆಯಲ್ಲಿ ಮುಗಿಯುತ್ತವೆ. ಹೀಗಾಗಿ 18 ವರ್ಷ, 10 ಅಥವಾ 11 ದಿನ, 8 ಗಂಟೆಗಳ ನಂತರ ಹಿಂದಿನ ಗ್ರಹಣದಂತಹುದೇ ಇನ್ನೊಂದು ಗ್ರಹಣವಾಗುತ್ತದೆ. ಈ ವಂಶದ ಗ್ರಹಣಗಳೆಲ್ಲ ಕೇತುವಿನ ಬಿಂದುವಿನಲ್ಲಿ ಆಗುವಂಥವು.

ಆದರೆ ಆ 8 ಗಂಟೆಗಳಲ್ಲಿ ಭೂಮಿ ಮೂರನೆಯ ಒಂದು ಪಾಲು ತಿರುಗಿಬಿಡುತ್ತದೆ. ಆದ್ದರಿಂದ ಮುಂದಿನ ನೆರಳು ಪಶ್ಚಿಮಕ್ಕೆ ಸರಿದು ಬೇರೆಯ ದೇಶದ ಮೇಲೆ ಬೀಳುತ್ತದೆ. ಮೂರು ಚಕ್ರಗಳಾದರೆ ಭೂಮಿಯ ಸುತ್ತು ಪೂರ್ಣವಾಗಿ, 54 ವರ್ಷ ಒಂದು ತಿಂಗಳಿಗೆ ನೆರಳು ನಮ್ಮ ಸೀಮೆಯ ಆಸುಪಾಸಿಗೆ ಹಿಂದಿರುಗುತ್ತದೆ.

1980ರಿಂದ ಹಿಂದಕ್ಕೆ ಎಣಿಸಿದೆ. 1926ರ ಜನವರಿ 14: ನೆರಳು ಹಿಂದೂ ಮಹಾಸಾಗರವನ್ನು ದಾಟಿ ಸುಮಾತ್ರಕ್ಕೆ ಹೋಗಿತ್ತು. ಅದಕ್ಕೂ ಹಿಂದೆ 1871ರ ಡಿಸೆಂಬರ್ 12: ಅಂದು ಇಂಗ್ಲೆಂಡಿನ ವಿಜ್ಞಾನಿ ನಾರ್ಮನ್ ಲಾಕ್ಯರ್ ಕಾಸರಗೋಡಿನ ಬೇಕಲ ಕೋಟೆಯ ಮೇಲೆ ನಿಂತು ಈ ವಂಶದ ಗ್ರಹಣವನ್ನೇ ವೀಕ್ಷಿಸಿದ್ದನು. ಆಗ ಬೇಕಲವೂ ಬಳ್ಳಾರಿಯೂ ಮದರಾಸು ಪ್ರಾಂತಕ್ಕೆ ಸೇರಿದ್ದವು. ಈ ವಂಶದ ಮೊದಲ ಗ್ರಹಣ 1096ರಲ್ಲಿ ದಕ್ಷಿಣ ಧ್ರುವದ ಕಡೆ ಬರಿಯ ಖಂಡಗ್ರಾಸವಾಗಿ ಆರಂಭವಾಯಿತು. ಆಗ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯ ಆಳುತ್ತಿದ್ದನು. ನಮ್ಮ ನಾಡಿನ ಜನ ಗ್ರಹಣದ ಪರ್ವದಲ್ಲಿ ಭೂದಾನ ಮಾಡಿ ಅದನ್ನು ಕಲ್ಲಿನಲ್ಲಿ ಕೆತ್ತಿಸುತ್ತಿದ್ದ ಕಾಲ. ಸುತ್ತು ಸುತ್ತಿಗೂ ನೆರಳು ಸ್ವಲ್ಪ ಸ್ವಲ್ಪವೇ ಉತ್ತರಕ್ಕೆ ಸರಿಯುತ್ತ ಬಂದಿದೆ. ಒಟ್ಟು 73 ಗ್ರಹಣಗಳಲ್ಲಿ 1980ರದು ಐವತ್ತನೆಯದು. 2394ರಲ್ಲಿ ಉತ್ತರ ಧ್ರುವದ ಕಡೆ ಕೊನೆಯದಾಗಿ ಈ ವಂಶ ಮುಗಿಯುತ್ತದೆ.

ಮುಂದಕ್ಕೆ ಎಣಿಸಿದಾಗ ಕೈ ಒಂದು ಕ್ಷಣ ನಿಂತಿತು. 2034ರ ಮಾರ್ಚ್ 20. ಅಂದು ಪೂರ್ಣ ನೆರಳು ಆಫ್ರಿಕಾ, ಅರೇಬಿಯಾ, ಇರಾನುಗಳನ್ನು ದಾಟಿ ನಮ್ಮ ದೇಶದ ಉತ್ತರದ ತುದಿಯಲ್ಲಿ ಕಾರ್ಗಿಲ್ ಕಡೆಯನ್ನು ಮುಟ್ಟುತ್ತದೆ. ಬಳ್ಳಾರಿಗೆ ಖಂಡಗ್ರಾಸ. ಅಂದು ಗರ್ಭದಲ್ಲಿದ್ದ ನನ್ನ ಮಗಳು ಯಾವ ಊನವೂ ಇಲ್ಲದೆ ಹುಟ್ಟಿ, ಬೆಳೆದು, ಈ ಪ್ರಶ್ನೆ ಕೇಳಿದ ಮೊಮ್ಮಗಳ ತಾಯಿಯಾಗಿದ್ದಾಳೆ. ಕೇತು ಒಂದು ಮಹಾಚಕ್ರ ಮುಗಿಸುವಾಗ ಅವಳಿಗೆ ಐವತ್ತಮೂರು ದಾಟಿರುತ್ತದೆ. ನಾನಿದ್ದರೆ ನನಗೆ ಎಂಬತ್ತೆರಡು.

ಅಂದು ಕೂಡ ಸೋಮವಾರವೇ. ನನ್ನ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಅನೇಕರು ಈಗ ಅಜ್ಜ ಅಜ್ಜಿಯರಾಗಿದ್ದೀರಿ. ಅಂದು ಮಕ್ಕಳನ್ನು ಕೋಣೆಯಲ್ಲಿ ಕೂಡಿಹಾಕಬೇಡಿರಿ. ಬರಿಗಣ್ಣಿನಿಂದ ಸೂರ್ಯನನ್ನು ನೋಡಲೂ ಬಿಡಬೇಡಿರಿ. ಗ್ರಹಣಕ್ಕೆಂದೇ ಮಾಡಿದ ಕನ್ನಡಕ ಸಿಗದಿದ್ದರೆ ಒಂದು ರಟ್ಟಿಗೆ ಸೂಜಿಯಿಂದ ತೂತು ಮಾಡಿ, ಸೂರ್ಯನಿಗೆ ಬೆನ್ನು ತಿರುಗಿಸಿ, ನೆಲದ ಮೇಲೆ ಬೀಳುವ ಬಿಂಬವನ್ನು ತೋರಿಸಿರಿ. ಬೇವಿನ ಮರವಿದ್ದರೆ ಅದರ ಕೆಳಗೆ ನಿಲ್ಲಿಸಿರಿ; ಎಲೆಗಳ ಸಂದಿನಿಂದ ಬಿದ್ದ ಬೆಳಕೆಲ್ಲ ಕುಡುಗೋಲಿನಂತೆ ಬಾಗಿರುತ್ತದೆ. ಈ ಪಾಠವನ್ನು 1980ರ ಆ ಸೋಮವಾರವೇ ನಾನು ಮಾಡಬಹುದಿತ್ತು. ನಾನು ಕಂಡದ್ದು ಅದೇ. ಅದನ್ನು ಬಿಟ್ಟು ಕಾಣದ ಕಿರೀಟವನ್ನು ಬರೆದೆ.

ಹಿಂದಿನ ಬೆಂಚಿನ ಆ ಹುಡುಗ ಈಗೆಲ್ಲಿದ್ದಾನೋ ತಿಳಿಯದು. ಈ ಬರಹ ಅವನ ಕಣ್ಣಿಗೆ ಬಿದ್ದರೆ, ತಮ್ಮಾ, ಎದ್ದು ನಿಂತು ಇನ್ನೊಮ್ಮೆ ಹೇಳು. ಎಮ್ಮೆಗಳು ಮನೆಯ ಕಡೆ ಹೊರಟವು ಎಂದೆಯಲ್ಲ, ಆಮೇಲೇನಾಯಿತು? ಈ ಸಲ ಕೇಳಿಸಿಕೊಳ್ಳುತ್ತೇನೆ.