ಇನ್ನೊಂದು ಕಾಗದ

ನಾನು ಸರಕಾರಿ ಕಚೇರಿಯ ಕಾರಕೂನ. ಹತ್ತು ವರ್ಷಗಳಿಂದ ಪುಣೆಯಲ್ಲಿ ಕುಳಿತು, “ಇನ್ನೊಂದು ಕಾಗದ ಬೇಕು, ನಾಳೆ ಬನ್ನಿರಿ” ಎಂದು ಜನರಿಗೆ ಹೇಳುತ್ತ ಬಂದವನು. ಆ ಮಾತು ನನ್ನ ಮನೆಗೇ ತಿರುಗಿ ಬಂದೀತೆಂದು ಎಣಿಸಿರಲಿಲ್ಲ.

ನನ್ನಾಕೆ ಧಾರವಾಡದವಳು. ಎಂ.ಎಸ್.ಡಬ್ಲ್ಯೂ. ಮುಗಿಸಿ, ಮನೋರೋಗಿಗಳ ಸಮಾಜಕಾರ್ಯದಲ್ಲಿ ಎಂ.ಫಿಲ್. ಮಾಡಿ, ಊರಲ್ಲೇ ನೌಕರಿಯಲ್ಲಿದ್ದಳು. ಲಗ್ನವಾಗಿ ಇಲ್ಲಿಗೆ ಬಂದ ಮೇಲೆ ಒಂದು ದವಾಖಾನೆಯವರು ಅವಳನ್ನು ಮೆಚ್ಚಿದರು, ಆದರೆ ಕೊನೆಗೆ, “ನಿಮ್ಮ ನೋಂದಣಿ ಕರ್ನಾಟಕದ್ದು. ಈ ರಾಜ್ಯದ್ದು ತನ್ನಿರಿ” ಎಂದರು.

ನಮ್ಮ ದೇಶದಲ್ಲಿ ಎಲ್ಲ ಸಮಾಜಕಾರ್ಯಕರ್ತರಿಗೂ ವಕೀಲರಂತೆ ಸನದು ಇಲ್ಲ. ಆದರೆ ಮನೋರೋಗಿಗಳ ನಡುವೆ ದುಡಿಯುವವರ ಹೆಸರನ್ನು ಆಯಾ ರಾಜ್ಯದ ಪ್ರಾಧಿಕಾರವು ದಾಖಲಿಸಬೇಕೆಂದು ೨೦೧೭ರ ಮಾನಸಿಕ ಆರೋಗ್ಯ ಕಾಯಿದೆ ಹೇಳುತ್ತದೆ. ವಕೀಲರ ಸಂಗತಿ ಬೇರೆ. ೧೯೬೧ರ ಕಾಯಿದೆಯಂತೆ ಒಂದು ರಾಜ್ಯದಲ್ಲಿ ಹೆಸರು ಬರೆಸಿದವರು ಬೇರೆ ರಾಜ್ಯದಲ್ಲೂ ವಾದಿಸಬಹುದು. ಹೆಸರನ್ನು ವರ್ಗ ಮಾಡಿಸಲು ಶುಲ್ಕವಿಲ್ಲವೆಂದೂ ಆ ಕಾಯಿದೆ ಹೇಳುತ್ತದೆ. ೨೦೨೧ರ ಆರೋಗ್ಯ ವೃತ್ತಿಗಳ ಕಾಯಿದೆಯಲ್ಲಿ ದವಾಖಾನೆಯ ಸಮಾಜಕಾರ್ಯಕರ್ತರೂ ಸೇರಿದ್ದಾರೆ; ರಾಜ್ಯದ ಪಟ್ಟಿಗಳ ಜೊತೆಗೆ ಕೇಂದ್ರದ ಪಟ್ಟಿಯನ್ನೂ ಅದು ಹೇಳಿದೆ.

ಕಾಗದಕ್ಕಾಗಿ ಅವಳು ಮೂರು ಸಲ ಅಲೆದಳು. ಪ್ರತಿ ಸಲವೂ ಹೊಸದೊಂದು ಕೇಳಿದರು. ಆ ದಿನಗಳಲ್ಲೇ ನಮ್ಮ ಓಣಿಯಲ್ಲಿ ಗೌಂಡಿ ಕೆಲಸಕ್ಕೆ ಬಂದ ಕಲಬುರ್ಗಿ ಕಡೆಯ ಹೆಣ್ಣುಮಗಳೊಬ್ಬಳ ಮಗ ನಿದ್ದೆಗೆಟ್ಟು ತನ್ನಷ್ಟಕ್ಕೆ ತಾನೇ ಮಾತಾಡತೊಡಗಿದ. ಡಾಕ್ಟರರು ಮರಾಠಿಯಲ್ಲಿ ಕೇಳಿದರೆ ಆಕೆಗೆ ತಿಳಿಯದು. ನನ್ನಾಕೆ ನೆರೆಯವಳಾಗಿ ಜೊತೆಗೆ ಹೋದಳು. ತಾಯಿ ಕನ್ನಡದಲ್ಲಿ ಒಂದು ತಾಸು ಮಾತಾಡಿದಳು, ಅತ್ತಳು.

ಅಂದು ರಾತ್ರಿ ನಾನು ನಿಯಮವನ್ನು ಬೈದೆ. ಆಕೆ ತಡೆದಳು: “ನಿಯಮ ಬೇಕ್ರಿ. ಕಲೀದವರು ಹುಚ್ಚು ಬಿಡಸ್ತೀವಿ ಅಂತ ಕೂತ್ರ ಅಂಥಾ ತಾಯಂದಿರ ಗತಿ ಏನು? ಆದ್ರ ಏನೇನು ಕಾಗದ ಬೇಕು ಅನ್ನೋದನ್ನ ಒಮ್ಮೆಗೇ ಹೇಳಬಾರದೇನ್ರಿ?”

ನಾನು ಮಾತಾಡಲಿಲ್ಲ. ಮರುದಿನ ಕಚೇರಿಗೆ ಹೋಗಿ, ನನ್ನ ಮೇಜಿಗೆ ಬರುವ ಅರ್ಜಿಗೆ ಬೇಕಾದ ಕಾಗದಗಳ ಪೂರ್ಣ ಪಟ್ಟಿ ಬರೆದು ಕಿಟಕಿಗೆ ಅಂಟಿಸಿದೆ.

ಐದನೆಯ ತಿಂಗಳಲ್ಲಿ ಅವಳ ನೋಂದಣಿ ಬಂದಿತು; ಈಗ ಅದೇ ದವಾಖಾನೆಗೆ ಹೋಗುತ್ತಾಳೆ. ಕಲಿತ ಮಗಳನ್ನೋ ಸೊಸೆಯನ್ನೋ ಪರರಾಜ್ಯಕ್ಕೆ ಕಳಿಸುವ ಹಿರಿಯರಲ್ಲಿ ನನ್ನದೊಂದೇ ವಿನಂತಿ: ಬೆಳ್ಳಿ ಪಾತ್ರೆಗಳ ಜೊತೆಗೆ ಅಂಕಪಟ್ಟಿ, ಪದವಿಪತ್ರ, ಹಳೆಯ ನೋಂದಣಿ, ನೌಕರಿಯ ದಾಖಲೆಗಳನ್ನೂ ಮರೆಯದೆ ಕಟ್ಟಿಕೊಡಿರಿ.