ವುಡ್‌ವರ್ಡ್ ರಸ್ತೆಯಿಂದ ತಮ್ಮನಿಗೆ

ರಾಯಲ್ ಓಕ್, ಮಿಶಿಗನ್
ಆಗಸ್ಟ್ ತಿಂಗಳು, ಗುರುವಾರ ರಾತ್ರಿ

ಪ್ರೀತಿಯ ತಮ್ಮನಿಗೆ,

ಮೆರವಣಿಗೆ ಇರುವುದು ಶನಿವಾರ. ಆದರೆ ವುಡ್‌ವರ್ಡ್ ರಸ್ತೆಯ ಬದಿಗೆ ಮಡಚುಕುರ್ಚಿಗಳು ಆಗಲೇ ಬಂದು ಕೂತಿವೆ. ಡೆಟ್ರಾಯಿಟ್ ಪೇಟೆಯಿಂದ ಪಾಂಟಿಯಾಕ್‌ವರೆಗೆ ಹೋಗುವ ಈ ರಸ್ತೆಯ ಹುಲ್ಲಂಚಿನಲ್ಲಿ ಅಜ್ಜ, ಮಗ, ಮೊಮ್ಮಗ ಸಾಲಾಗಿ ಕೂತು, ಹೋಗಿ ಬರುವ ಕಾರು ನೋಡುತ್ತ ಸಂಜೆ ಕಳೆಯುತ್ತಾರೆ. ಪ್ರತಿವರ್ಷ ಆಗಸ್ಟ್‌ನ ಮೂರನೇ ಶನಿವಾರ ನಡೆಯುವ ವುಡ್‌ವರ್ಡ್ ಡ್ರೀಮ್ ಕ್ರೂಸ್ ಶುರುವಾದದ್ದು 1995ರಲ್ಲಿ, ಫರ್ನ್‌ಡೇಲ್ ಎಂಬ ಸಣ್ಣ ಊರಿನ ಮಕ್ಕಳಿಗೆ ಫುಟ್‌ಬಾಲ್ ಮೈದಾನ ಮಾಡಲು ಚಂದಾ ಎತ್ತುವುದಕ್ಕೆ. ಈಗ ಹತ್ತಾರು ಸಾವಿರ ಕಾರುಗಳು ಸೇರುತ್ತವೆ. ಅರವತ್ತರ ದಶಕದಲ್ಲಿ ಕಾರು ಕಂಪನಿಗಳ ಎಂಜಿನಿಯರುಗಳೇ ರಾತ್ರಿ ಹೊತ್ತು ಇಲ್ಲಿ ಒಂದು ಸಿಗ್ನಲ್‌ನಿಂದ ಇನ್ನೊಂದಕ್ಕೆ ರೇಸ್ ಹಚ್ಚುತ್ತಿದ್ದರಂತೆ.

ಫೋನಿನಲ್ಲಿ ನೀನು ಕೇಳಿದ್ದು ಒಂದೇ ಪ್ರಶ್ನೆ: ಶೆಲ್ಬಿ, ರೌಶ್, ಹೆನ್ನೆಸಿ, ಈ ಮೂವರಲ್ಲಿ ಯಾರ ಕಾರು ಕೊಟ್ಟ ದುಡ್ಡಿಗೆ ಮೋಸವಿಲ್ಲ? ಉತ್ತರ ವಾಟ್ಸಾಪ್‌ನಲ್ಲಿ ಹಿಡಿಯುವಂಥದ್ದಲ್ಲ. ಅದಕ್ಕೇ ಈ ಕಾಗದ. ಅಮ್ಮನಿಗೂ ಓದಿ ಹೇಳು, ಅಶ್ವಶಕ್ತಿಯ ಲೆಕ್ಕ ಬಿಟ್ಟು.

ಈ ಮೂವರ ಮುಖ್ಯ ಕಸುಬು ಸ್ವಂತ ಕಾರು ಮಾಡುವುದಲ್ಲ. ಫೋರ್ಡ್ ಅಥವಾ ಷೆವರ್ಲೆ ಮಾಡಿದ ಕಾರನ್ನು ತಂದು ಬಿಚ್ಚಿ, ಎಂಜಿನ್, ಸಸ್ಪೆನ್ಶನ್, ಸೈಲೆನ್ಸರ್, ಬಾನೆಟ್ ಎಲ್ಲ ಬದಲಿಸಿ, ಮೇಲೆ ತಮ್ಮ ಹೆಸರು ಹಾಕಿ ಮಾರುವವರು. ಇಲ್ಲಿ ಇವರಿಗೆ ಟ್ಯೂನರ್ ಅನ್ನುತ್ತಾರೆ. ನಮ್ಮೂರಲ್ಲಿ ನೀನು ನಿನ್ನ ಆರ್‌ಎಕ್ಸ್ 100 ಬೈಕಿಗೆ ಮಾಡಿಸಿದ್ದೂ ಇದೇ ಕೆಲಸ, ಆದರೆ ಇವರಲ್ಲಿ ಬಿಲ್ಲು, ವಾರಂಟಿ, ಸೀರಿಯಲ್ ನಂಬರ್ ಎಲ್ಲ ಸಿಗುತ್ತವೆ.

ಹಿರಿಯರಿಂದಲೇ ಶುರುಮಾಡೋಣ. ಟೆಕ್ಸಸ್‌ನ ಕ್ಯಾರಲ್ ಶೆಲ್ಬಿ ಕೋಳಿ ಸಾಕಿ ಕೈ ಸುಟ್ಟುಕೊಂಡ ಮನುಷ್ಯ. 1959ರಲ್ಲಿ ಆಸ್ಟನ್ ಮಾರ್ಟಿನ್ ಓಡಿಸಿ ಲಮಾನ್‌ನ 24 ಗಂಟೆಯ ರೇಸ್ ಗೆದ್ದ. ಹೃದಯದ ತೊಂದರೆಯಿಂದ ರೇಸ್ ಬಿಟ್ಟ ಮೇಲೆ ಕಾರು ಕಟ್ಟುವುದಕ್ಕೆ ಇಳಿದ. ಆಗಷ್ಟೇ ಬಂದಿದ್ದ ಫೋರ್ಡ್ ಮಸ್ಟಾಂಗ್ ನೋಡಲು ಚೆಂದ, ಓಟದಲ್ಲಿ ಮಾತ್ರ ಸಾಧು. ಶೆಲ್ಬಿ ಅದರ 271 ಅಶ್ವಶಕ್ತಿಯ ಎಂಜಿನ್ನನ್ನು 306ಕ್ಕೆ ಏರಿಸಿದ. ರೇಸ್ ನಿಯಮದ ಪ್ರಕಾರ ಅದು ಸ್ಪೋರ್ಟ್ಸ್ ಕಾರು ಅನ್ನಿಸಿಕೊಳ್ಳಲು ಹಿಂದಿನ ಸೀಟನ್ನೇ ತೆಗೆಸಿದ. 1965ರ ಜಿಟಿ350 ಹುಟ್ಟಿದ್ದು ಹಾಗೆ. ಮರುವರ್ಷ ಹರ್ಟ್ಜ್ ಎಂಬ ಬಾಡಿಗೆ ಕಾರಿನ ಕಂಪನಿ ಸುಮಾರು ಸಾವಿರ ಜಿಟಿ350 ಕೊಂಡು ಬಾಡಿಗೆಗೆ ಬಿಟ್ಟಿತು. ದಿನಕ್ಕೆ 17 ಡಾಲರ್, ಮೈಲಿಗೆ 17 ಸೆಂಟ್. ಶನಿವಾರ ಒಯ್ದವರು ರೇಸ್ ಟ್ರ್ಯಾಕಿನಲ್ಲಿ ಓಡಿಸಿ ಸೋಮವಾರ ತಂದು ನಿಲ್ಲಿಸುತ್ತಿದ್ದರು ಎಂಬ ಕಥೆಯನ್ನು ಇಲ್ಲಿನ ಹಳಬರು ಈಗಲೂ ನಗುತ್ತ ಹೇಳುತ್ತಾರೆ.

ಶೆಲ್ಬಿ 2012ರಲ್ಲಿ ತೀರಿಕೊಂಡ. ಲಾಸ್ ವೇಗಸ್‌ನ ಕಂಪನಿ ಅವನ ಹೆಸರಿನಲ್ಲೇ ನಡೆದಿದೆ. 2024ರ ಮಸ್ಟಾಂಗ್ ಮೇಲೆ ಅದು ಕಟ್ಟಿದ ಸೂಪರ್ ಸ್ನೇಕ್‌ಗೆ 830 ಅಶ್ವಶಕ್ತಿ. ಆಗ ಬೆಲೆ, ಕಾರೂ ಸೇರಿ, 1,59,995 ಡಾಲರ್ ಇತ್ತು. ನಮ್ಮ ರೂಪಾಯಿಯಲ್ಲಿ ಒಂದೂಕಾಲು ಕೋಟಿ ದಾಟುತ್ತದೆ. ಅದೇ ವರ್ಷ ಷೋರೂಮಿನ ಸಾದಾ ಮಸ್ಟಾಂಗ್ ಜಿಟಿ 480 ಅಶ್ವಶಕ್ತಿಯೊಂದಿಗೆ 42 ಸಾವಿರ ಡಾಲರ್ ಚಿಲ್ಲರೆಗೆ ಸಿಗುತ್ತಿತ್ತು. ನಡುವಿನ ಅಂತರ ನೋಡಿಕೋ.

ಆ ಅಂತರದಲ್ಲಿ ಏನೇನಿದೆ ಅಂದರೆ, ನೋಟ ಮೊದಲು. ಉದ್ದಕ್ಕೂ ಪಟ್ಟಿ, ಗಾಳಿಕಂಡಿಗಳಿರುವ ಬಾನೆಟ್, ಹಲ್ಲು ಕಾಣುವ ಹಾವಿನ ಲಾಂಛನ. ನಿಂತಲ್ಲೇ ಗದರಿಸುವ ಗಾಡಿ. ಒಳಗೆ ಡ್ಯಾಶ್‌ಬೋರ್ಡಿನ ಮೇಲೆ ಸಿಎಸ್‌ಎಂ ನಂಬರಿನ ಒಂದು ಲೋಹದ ಪಟ್ಟಿ. ಅದು ಶೆಲ್ಬಿ ಕಂಪನಿಯೇ ಕೊಡುವ ಸೀರಿಯಲ್ ನಂಬರ್. ಆ ನಂಬರ್ ಶೆಲ್ಬಿ ಕಾರುಗಳ ಅಧಿಕೃತ ದಾಖಲೆಯಲ್ಲಿ ಇರುತ್ತದೆ. ಮುಂದೆ ಮಾರುವಾಗ ಅಸಲಿಯೋ ನಕಲಿಯೋ ತೀರ್ಮಾನವಾಗುವುದು ಅದರಿಂದಲೇ. ಬೆರಳಗಲದ ಆ ಪಟ್ಟಿಗೆ ಎಷ್ಟು ಬೆಲೆ ಕಟ್ಟುತ್ತಾರೆ ಅಂತ ತಿಳಿದರೆ ನಿನಗೆ ನಗು ಬಂದೀತು, ಕೊಳ್ಳುವವರು ನಗುವುದಿಲ್ಲ.

ರೌಶ್ ಇದೇ ಡೆಟ್ರಾಯಿಟ್ ಸೀಮೆಯ ಕಂಪನಿ. ಫೋರ್ಡಿನಲ್ಲಿ ಕೆಲಸ ಮಾಡಿ, ಆಮೇಲೆ ನಾಸ್ಕಾರ್ ರೇಸ್ ತಂಡ ಕಟ್ಟಿದ ಜ್ಯಾಕ್ ರೌಶ್ ಹೆಸರಿನದು. ನಿನ್ನ ಭಾವನ ಸಹೋದ್ಯೋಗಿಯೊಬ್ಬರು ತಮ್ಮ 2020ರ ರೌಶ್ ಸ್ಟೇಜ್ 3ರ ಬಾನೆಟ್ ಎತ್ತಿ ತೋರಿಸಿದರು. ವಿ ಆಕಾರದಲ್ಲಿ ನಿಂತ ಎಂಟು ಸಿಲಿಂಡರುಗಳ ನಡುವಿನ ತೊಟ್ಟಿಯಲ್ಲಿ ಸೂಪರ್‌ಚಾರ್ಜರ್ ಕೂತಿದೆ. ಒಳಗೆ ತಿರುಚಿದ ಎರಡು ರೋಟರ್. ಎಂಜಿನ್ನಿನ ಬೆಲ್ಟೇ ಅವನ್ನು ತಿರುಗಿಸುತ್ತದೆ. ಗಾಳಿ ಒತ್ತಿ ಒಳಗೆ ತುಂಬಿದಷ್ಟೂ ಹೆಚ್ಚು ಪೆಟ್ರೋಲು ಉರಿಯುತ್ತದೆ, ಅಷ್ಟೂ ಶಕ್ತಿ. ಒತ್ತಿದ ಗಾಳಿ ಬಿಸಿಯಾಗುತ್ತದಲ್ಲ, ಅದನ್ನು ತಣಿಸಲು ಬೇರೆಯೇ ಕೂಲಂಟ್, ಗ್ರಿಲ್ ಹಿಂದೆ ಬೇರೆಯೇ ರೇಡಿಯೇಟರ್. ಆಕ್ಸಿಲರೇಟರ್ ಒತ್ತಿದಾಗ ಬರುವ ಸಣ್ಣ ಸಿಳ್ಳು, ಅಮ್ಮನ ಮಿಕ್ಸಿ ಮೂರನೇ ಸ್ಪೀಡಿಗೆ ಹೋದಾಗಿನದೇ ದನಿ.

ಆ ಕಾರಿಗೆ 750 ಅಶ್ವಶಕ್ತಿ. ಆ ವರ್ಷದ ಸಾದಾ ಜಿಟಿಗೆ ಇದ್ದದ್ದು 460. ರೌಶ್ ಪ್ಯಾಕೇಜಿಗೆ ಆಗ ಸುಮಾರು 25 ಸಾವಿರ ಡಾಲರ್ ಇತ್ತು, ಕಾರಿನ ಬೆಲೆ ಬೇರೆ. ಎರಡೂ ಕೂಡಿಸಿದರೆ 60 ಸಾವಿರದ ಮೇಲೆ. ಫೋರ್ಡ್ ಡೀಲರ ಬಳಿಯೇ ಸಿಗುತ್ತದೆ, ಮೂರು ವರ್ಷ ಅಥವಾ 36 ಸಾವಿರ ಮೈಲಿ ವಾರಂಟಿ. ನೋಟದಲ್ಲಿ ಶೆಲ್ಬಿಯಷ್ಟು ಅಬ್ಬರವಿಲ್ಲ. ಗ್ರಿಲ್, ಬಂಪರಿನ ತುಟಿ, ಹಿಂದಿನ ಸ್ಪಾಯ್ಲರ್ ಬದಲಾಗಿವೆ, ಅಷ್ಟೆ. ಗೊತ್ತಿದ್ದವರು ಮಾತ್ರ ತಿರುಗಿ ನೋಡುತ್ತಾರೆ.

ಮುಂದೆ ಕೂತು ಒಂದು ಸುತ್ತು ಹೋದದ್ದಾಯಿತು. ಮೂವತ್ತೈದು ಮೈಲಿಯ ಮಿತಿಯಲ್ಲಿ ಗಾಡಿ ಆಫೀಸಿಗೆ ಹೋಗುವ ಕಾರಿನಷ್ಟೇ ನೆಟ್ಟಗೆ. ಹೈವೇ ಇಳಿಜಾರಿನಲ್ಲಿ ಅವರು ಕಾಲಿಟ್ಟದ್ದೇ ತಡ, ಬೆನ್ನು ಸೀಟಿಗೆ ಅಂಟಿತು, ವ್ಯಾನಿಟಿ ಬ್ಯಾಗು ಹಿಂದಿನ ಸೀಟಿಗೆ ಹೋಯಿತು. ಭಾವನಿಗೆ ಇದನ್ನು ಹೇಳಿಲ್ಲ.

ಮೂರನೆಯವನು ಟೆಕ್ಸಸ್‌ನ ಜಾನ್ ಹೆನ್ನೆಸಿ. ಸೀಲಿ ಎಂಬ ಊರಲ್ಲಿ ಅವನ ಕಾರ್ಖಾನೆ. ನೇರ ರಸ್ತೆಯಲ್ಲಿ ಯಾರು ಮುಂದೆ ಎಂಬುದೊಂದೇ ಅವನ ಲೆಕ್ಕ. 2017ರಲ್ಲಿ ಡಾಡ್ಜ್ ಕಂಪನಿ ಡೀಮನ್, ಅಂದರೆ ಪಿಶಾಚಿ, ಎಂಬ 840 ಅಶ್ವಶಕ್ತಿಯ ಚಾಲೆಂಜರ್ ತರುತ್ತಿದ್ದಾಗ, ಹೆನ್ನೆಸಿ ಷೆವರ್ಲೆ ಕಮಾರೊ ಝಡ್‌ಎಲ್1 ಹಿಡಿದು ಎಕ್ಸಾರ್ಸಿಸ್ಟ್, ಅಂದರೆ ಭೂತ ಬಿಡಿಸುವವನು, ಎಂಬ ಹೆಸರಿಟ್ಟ. ಮೂಲ ಕಾರಿಗೆ 650 ಅಶ್ವಶಕ್ತಿ, ಇವನದ್ದಕ್ಕೆ 1,000. ಬೆಲೆ ಸುಮಾರು 1,20,000 ಡಾಲರ್. ಡ್ರ್ಯಾಗ್ ಟೈರ್ ಹಾಕಿ ಕಾಲು ಮೈಲಿ ಓಡಿಸಿದಾಗ 9.57 ಸೆಕೆಂಡ್ ಬಂತು ಎಂದು ಕಂಪನಿ ಹೇಳಿತು. ವಾರಂಟಿ ಎರಡು ವರ್ಷ ಅಥವಾ 24 ಸಾವಿರ ಮೈಲಿ. ರೂಪ ಬಹುಪಾಲು ಕಮಾರೊದ್ದೇ, ಬದಿಯಲ್ಲಿ ಒಂದು ಹೆಸರಿನ ಫಲಕ. ಸಾವಿರ ಅಶ್ವಶಕ್ತಿಯನ್ನು ನಾಲ್ಕು ಚಕ್ರಕ್ಕಲ್ಲ, ಹಿಂದಿನ ಎರಡೇ ಚಕ್ರಕ್ಕೆ ಕೊಡುವ ಗಾಡಿ. ಮಳೆಯಲ್ಲಿ ಅದರ ಪಾಡು ನೀನೇ ಊಹಿಸು.

ಈ ಮೂವರ ಅಂಗಡಿಗೂ ಪೆಟ್ಟು ಕೊಟ್ಟದ್ದು ಕಾರು ಕಂಪನಿಗಳೇ. 2020ರಲ್ಲಿ ಫೋರ್ಡ್ ತಾನೇ ಮಾಡಿದ ಶೆಲ್ಬಿ ಜಿಟಿ500ಗೆ 760 ಅಶ್ವಶಕ್ತಿ ಕೊಟ್ಟು, 73 ಸಾವಿರ ಡಾಲರ್ ಆಸುಪಾಸಿಗೆ ಮಾರಿತು. ಅಲ್ಲಿ ಬರೀ ಎಂಜಿನ್ನಲ್ಲ, ಗೇರ್‌ಬಾಕ್ಸು, ಬ್ರೇಕು ಎಲ್ಲ ಆ ಶಕ್ತಿಗೆಂದೇ ಲೆಕ್ಕ ಹಾಕಿ ಮಾಡಿದವು. 2023ರಲ್ಲಿ ಡಾಡ್ಜ್ ಡೀಮನ್ 170 ಬಂತು: ಎಥೆನಾಲ್ ಬೆರೆತ ಇ85 ಇಂಧನ ಹಾಕಿದರೆ 1,025 ಅಶ್ವಶಕ್ತಿ, ಪಟ್ಟಿ ಬೆಲೆ 96,666 ಡಾಲರ್. ಹೆನ್ನೆಸಿಯ ಸಾವಿರ ಅಲ್ಲಿಗೆ ಅಗ್ಗವಾಯಿತು. ಆ ವರ್ಷದ ಕೊನೆಗೇ ಚಾಲೆಂಜರ್ ನಿಂತಿತು, ಅದೇ ಹೊತ್ತಿನಲ್ಲಿ ಕಮಾರೊ ಕೂಡ. ಈ ಮೂರು ಹಳೆಯ ಕಾರುಗಳಲ್ಲಿ ವಿ8 ಎಂಜಿನ್ನಿನೊಂದಿಗೆ ಉಳಿದದ್ದು ಮಸ್ಟಾಂಗ್ ಮಾತ್ರ.

ಹಾಗಾಗಿ ಟ್ಯೂನರುಗಳು ಇಂದು ಮಾರುತ್ತಿರುವುದು ಬರೀ ಶಕ್ತಿಯನ್ನಲ್ಲ, ಅದು ಷೋರೂಮಿನಲ್ಲೇ ಸಿಕ್ಕಿಬಿಟ್ಟಿದೆ. ಶೆಲ್ಬಿ ಮಾರುವುದು ನಂಬರ್ ಪಟ್ಟಿಯನ್ನು. ಹೆನ್ನೆಸಿ ಮಾರುವುದು ಕಾಲು ಮೈಲಿಯ ಚೀಟಿಯನ್ನು. ರೌಶ್ ಮಾರುವುದು ಜಿಟಿ500ನಲ್ಲಿ ಸಿಗದಿದ್ದ ಒಂದು ಸುಖವನ್ನು: ಫೋರ್ಡಿನದಕ್ಕೆ ಇದ್ದದ್ದು ಆಟೋಮ್ಯಾಟಿಕ್ ಗೇರ್ ಮಾತ್ರ, ರೌಶ್‌ನಲ್ಲಿ ಕ್ಲಚ್ ತುಳಿದು ಕೈಯಲ್ಲೇ ಆರು ಗೇರು ಹಾಕಬಹುದು. 2020ರ ಲೆಕ್ಕದಲ್ಲಿ ಹತ್ತು ಅಶ್ವಶಕ್ತಿ ಕಡಿಮೆ, ಹತ್ತು ಸಾವಿರ ಡಾಲರಿನಷ್ಟು ಉಳಿತಾಯ.

ನೋಟಕ್ಕೆ ಶೆಲ್ಬಿ, ಓಟಕ್ಕೆ ಹೆನ್ನೆಸಿ, ದುಡ್ಡಿಗೆ ರೌಶ್. ಮನೆಯ ಮುಂದೆ ನಿಲ್ಲಿಸಿ ದಿನಾ ಓಡಿಸುವುದಾದರೆ ರೌಶ್ ಅನ್ನುವುದೇ ಇಲ್ಲಿ ಸಿಕ್ಕ ಹೆಚ್ಚಿನವರ ಮಾತು, ನಿನ್ನ ಅಕ್ಕನದೂ ಅದೇ. ಇದನ್ನೆಲ್ಲ ಊರಿಗೆ ತರುವ ಆಸೆ ಬೇಡ ಮಾರಾಯ. 2016ರಲ್ಲಿ ಮಸ್ಟಾಂಗ್ ಭಾರತಕ್ಕೆ ಬಂದಾಗಲೇ 65 ಲಕ್ಷವಿತ್ತು, ಅದೂ ಸುಮಾರು 400 ಅಶ್ವಶಕ್ತಿಗೆ ಇಳಿಸಿ. 2021ರಲ್ಲಿ ಫೋರ್ಡ್ ನಮ್ಮಲ್ಲಿ ಕಾರು ಮಾಡುವುದನ್ನೇ ಬಿಡುವುದಾಗಿ ಹೇಳಿತು. ಸೈಲೆನ್ಸರ್ ಬದಲಿಸಿದ ಬೈಕಿಗೇ ನಮ್ಮ ಪೊಲೀಸರು ರೋಡ್ ರೋಲರ್ ತರುತ್ತಾರೆ, ಇನ್ನು ಇದಕ್ಕೆ ಏನು ತರುತ್ತಾರೋ.

ಭಾನುವಾರ ಡಿಯರ್‌ಬಾರ್ನ್‌ನ ಹೆನ್ರಿ ಫೋರ್ಡ್ ಮ್ಯೂಸಿಯಮ್ಮಿಗೆ ಹೋಗುವುದಿದೆ. ಸೀರಿಯಲ್ ನಂಬರ್ ಒಂದರ ಮಸ್ಟಾಂಗ್ ಅಲ್ಲಿದೆ. ಪ್ರದರ್ಶನಕ್ಕೆಂದು ಕಳಿಸಿದ್ದನ್ನು ಕೆನಡಾದ ಡೀಲರ್ ಒಬ್ಬ ವಿಮಾನದ ಪೈಲಟ್‌ಗೆ ಮಾರಿಬಿಟ್ಟಿದ್ದ. ಸರಿಸುಮಾರು ಹತ್ತು ಲಕ್ಷನೆಯ ಮಸ್ಟಾಂಗ್ ಕೊಟ್ಟು ಫೋರ್ಡ್ ಅದನ್ನು ಬಿಡಿಸಿಕೊಂಡಿತು. ಫೋಟೊ ಕಳಿಸುತ್ತೇನೆ. ನೀನು ಆರ್‌ಎಕ್ಸ್‌ನ ಇನ್ಶೂರೆನ್ಸ್ ಕಟ್ಟಿದೆಯಾ, ಅದನ್ನು ಮೊದಲು ಬರೆ.

ನಿನ್ನ,
ಅಕ್ಕ