ಶಬ್ದಕ್ಕೊಂದು ಬಾಗಿಲು

ಇಂಟರ್ನೆಟ್ಟಿನಲ್ಲಿ ಕನ್ನಡದ ಮಾಹಿತಿ ಕಡಿಮೆ ಅಂತ ನಾವೆಲ್ಲ ಹೇಳುತ್ತಲೇ ಇರುತ್ತೇವೆ. ಅದು ಅರ್ಧ ನಿಜ. ಇನ್ನರ್ಧ ಎಂತ ಅಂದ್ರೆ, ಇರುವುದರಲ್ಲೂ ಎಷ್ಟೋ ಗೂಗಲ್ಲಿನ ಕಣ್ಣಿಗೆ ಬೀಳುವುದಿಲ್ಲ. ಡೇಟಾಬೇಸಿನೊಳಗೆ ಭದ್ರವಾಗಿ ಕೂತಿರುತ್ತದೆ, ಹೊರಗೆ ಬರಲು ದಾರಿ ಇರುವುದಿಲ್ಲ.

ಸರ್ಚ್ ಎಂಜಿನ್ನಿನ ಕ್ರಾಲರ್ ಒಂದು ಪುಟಕ್ಕೆ ಬರುತ್ತದೆ, ಅಲ್ಲಿರುವ ಲಿಂಕುಗಳನ್ನು ಹಿಡಿದು ಮುಂದಿನ ಪುಟಕ್ಕೆ ಹೋಗುತ್ತದೆ. ಸ್ಟೇಟ್ ಬ್ಯಾಂಕಿನಲ್ಲಿ ಬಸ್ಸು ಹತ್ತಿದ ಹಾಗೆ, ರಸ್ತೆ ಇದ್ದಲ್ಲಿಗೆ ಮಾತ್ರ ಪ್ರಯಾಣ. ಜಿಲ್ಲೆ ಆರಿಸಿ, ಬೆಳೆ ಆರಿಸಿ, ಬಟನ್ ಒತ್ತಿ ಅಂತ ನೀವು ಫಾರಂ ಇಟ್ಟರೆ ಅದು ಸಾಮಾನ್ಯವಾಗಿ ಅಲ್ಲಿಂದಲೇ ವಾಪಸ್ಸು. 2008ರಲ್ಲಿ ಗೂಗಲ್ ಕೆಲವು ಫಾರಂಗಳನ್ನು ತಾನೇ ತುಂಬಿ ನೋಡುವುದಕ್ಕೆ ಹೊರಟದ್ದು ಹೌದು. ಆದರೆ ಅದನ್ನು ನಂಬಿ ಸೈಟ್ ಕಟ್ಟುವುದು ಲಾಟರಿ ನಂಬಿ ಸಾಲ ಮಾಡಿದ ಹಾಗೆ.

ಸುಳ್ಯದ ಕಡೆ ನಮ್ಮ ತೋಟದಲ್ಲಿ ಮಳೆಗಾಲ ಅಂದರೆ ಕೊಳೆರೋಗದ ಹೆದರಿಕೆ. ಮಳೆ ಹಿಡಿಯುವ ಮೊದಲು ಒಮ್ಮೆ, 40-45 ದಿನ ಬಿಟ್ಟು ಇನ್ನೊಮ್ಮೆ ಅಡಿಕೆಗೆ ಮದ್ದು ಬಿಡಬೇಕು. ತಪ್ಪಿದರೆ ಎಳೆಕಾಯಿ ಉದುರಿ ವರ್ಷದ ಸಂಪಾದನೆ ಮಣ್ಣುಪಾಲು. ಒಮ್ಮೆ ಅಪ್ಪ ಮೊಬೈಲಿನಲ್ಲಿ ಕನ್ನಡದಲ್ಲೇ ಟೈಪ್ ಮಾಡಿ ಹುಡುಕಿದರು. ಸಿಕ್ಕಿದ್ದು ಜಾಹೀರಾತು, ಒಂದಕ್ಕೊಂದು ತಾಳೆಯಾಗದ ನಾಲ್ಕು ವಿಡಿಯೋ. "ನೀನು ಕಂಪ್ಯೂಟರ್ ಕಲಿತವನಲ್ವಾ, ಇದ್ರಲ್ಲಿ ಸರಿ ಯಾವುದು ಹೇಳು ನೋಡುವ" ಅಂದರು. ಕೃಷಿ ಓದಿದ ಗೆಳೆಯನನ್ನು ಕೇಳಿದೆ, ಅವನೊಂದು ಸೈಟ್ ಹೇಳಿದ. ಅದರಲ್ಲಿ ಎಲ್ಲ ಇತ್ತು: 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ, 100 ಲೀಟರ್ ನೀರು, ಯಾವುದನ್ನು ಯಾವುದಕ್ಕೆ ಹೊಯ್ಯಬೇಕು ಎಂಬುದರ ಸಮೇತ. ಆದರೆ ಮೂರು ಡ್ರಾಪ್‌ಡೌನ್ ದಾಟಿದ ಮೇಲೆ! ಆ ಪುಟಕ್ಕೆ ತನ್ನದೇ ಆದ ವಿಳಾಸವೂ ಇಲ್ಲ. ಲಿಂಕ್ ಕಳಿಸಿದರೆ ಮುಖಪುಟ ತೆರೆಯುತ್ತಿತ್ತು. ಕೊನೆಗೆ ಸ್ಕ್ರೀನ್‌ಶಾಟ್ ತೆಗೆದು ವಾಟ್ಸಾಪ್ ಮಾಡಿದೆ. ಮಗ ಎಂಜಿನಿಯರ್ ಅಲ್ಲದ ಮನೆಯವರು ಏನು ಮಾಡಬೇಕು?

ಇದನ್ನು ಸರಿಮಾಡಲು ದೊಡ್ಡ ವಿದ್ಯೆ ಬೇಡ. ಪ್ರತಿ ದಾಖಲೆಗೂ ಬದಲಾಗದ ಒಂದು ಯುಆರ್‌ಎಲ್ ಕೊಡಿ. ಅದರಲ್ಲಿ ಸೆಷನ್ ಐಡಿ ತುರುಕಬೇಡಿ, ಒಂದೇ ಪುಟ ಕ್ರಾಲರಿಗೆ ಸಾವಿರ ಪುಟವಾಗಿ ಕಾಣುತ್ತದೆ. ಹುಡುಕುವ ಪೆಟ್ಟಿಗೆ ಇರಲಿ, ಜೊತೆಗೆ ಲಿಂಕುಗಳ ಪಟ್ಟಿಯೂ ಇರಲಿ: ಬೆಳೆಯಿಂದ ರೋಗಕ್ಕೆ, ರೋಗದಿಂದ ಮದ್ದಿಗೆ. ಪುಟಪುಟಕ್ಕೂ ಬೇರೆ ಟೈಟಲ್ ಬರಲಿ, ಡೇಟಾಬೇಸಿನ ಕಾಲಮ್ಮಿನಿಂದ ಎತ್ತಿದರಾಯಿತು. ಆಮೇಲೆ ಸೈಟ್‌ಮ್ಯಾಪ್. 2005ರಲ್ಲಿ ಗೂಗಲ್ ತಂದದ್ದನ್ನು ಮರುವರ್ಷ ಯಾಹೂ, ಮೈಕ್ರೋಸಾಫ್ಟ್ ಕೂಡ ಒಪ್ಪಿಕೊಂಡವು. ಒಂದು ಫೈಲಿನಲ್ಲಿ 50,000 ವಿಳಾಸ ಹಿಡಿಯುತ್ತದೆ, ನಮ್ಮ ಬಹಳಷ್ಟು ಸೈಟುಗಳಿಗೆ ಅಷ್ಟೇ ಧಾರಾಳ.

ಕನ್ನಡಕ್ಕೆ ಇನ್ನೂ ಒಂದು ಮಾತುಂಟು. ಹಳೆಯ ಫಾಂಟುಗಳಲ್ಲಿ ತುಂಬಿಸಿದ ಪಠ್ಯ ನಮ್ಮ ಕಣ್ಣಿಗೆ ಕನ್ನಡ, ಕ್ರಾಲರಿಗೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಮೊದಲು ಯೂನಿಕೋಡಿಗೆ ತನ್ನಿ. ಕನ್ನಡದಲ್ಲೇ ಯುಆರ್‌ಎಲ್ ಇಟ್ಟರೆ ಉದ್ದ ಆಗ್ತದಲ್ಲ ಅಂತೀರಾ? ಆಗ್ತದೆ. 'ಮಂಗಳೂರು' ಯುಟಿಎಫ್-8ರಲ್ಲಿ 21 ಬೈಟು, ಶೇಕಡಾ ಚಿಹ್ನೆಗಳ ವೇಷ ಹಾಕಿದಾಗ 63 ಅಕ್ಷರ. ಕಾಪಿ ಮಾಡಿ ಅಂಟಿಸಿದಾಗ ಚಂದ ಕಾಣುವುದಿಲ್ಲ ಅಷ್ಟೆ, ಬ್ರೌಸರಿಗೂ ಗೂಗಲ್ಲಿಗೂ ಓದಲು ಬರುತ್ತದೆ.

1894ರಲ್ಲಿ ನಮ್ಮ ಮಂಗಳೂರಿನಲ್ಲೇ ಬಾಸೆಲ್ ಮಿಶನ್ನಿನವರು ಹೊರತಂದ ಕಿಟ್ಟೆಲ್ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳು. ಅಕಾರಾದಿ ಗೊತ್ತಿದ್ದವನಿಗೆ ಅದರಲ್ಲಿ ಯಾವ ಶಬ್ದವೂ ತಪ್ಪಿಸಿಕೊಳ್ಳುವುದಿಲ್ಲ. ಅದೇ ಶಿಸ್ತನ್ನು ವೆಬ್ಬಿನಲ್ಲಿ ನೋಡಬೇಕಾದರೆ 'ಅಲರ್' ತೆರೆಯಿರಿ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು, ಒಂದೂವರೆ ಲಕ್ಷಕ್ಕೂ ಮೀರಿದ ಶಬ್ದಗಳು. 2019ರಲ್ಲಿ ಕೈಲಾಶ್ ನಾಧ್ ಅದನ್ನು ಮುಕ್ತ ಪರವಾನಗಿಯಲ್ಲಿ ಆನ್‌ಲೈನಿಗೆ ತಂದರು. ಅಲ್ಲಿ ಒಂದೊಂದು ಶಬ್ದಕ್ಕೂ ಅದರದ್ದೇ ವಿಳಾಸ, ಅದೂ ಕನ್ನಡದಲ್ಲಿ. ಒಬ್ಬರ ಜೀವಮಾನದ ಶ್ರಮ ಒಂದು ಫಾರಂನ ಹಿಂದೆ ಸಿಕ್ಕಿಹಾಕಿಕೊಳ್ಳಲಿಲ್ಲ.

ಹಾಗಂತ ಎಲ್ಲ ಬಾಗಿಲನ್ನೂ ತೆರೆದಿಡಿ ಅಂತ ನಾನು ಹೇಳುವುದಿಲ್ಲ. 'ಭೂಮಿ' ಯೋಜನೆಯ ಪಹಣಿ ಬೇಕಾದರೆ ಜಿಲ್ಲೆ, ತಾಲೂಕು, ಹೋಬಳಿ, ಊರು, ಸರ್ವೆ ನಂಬರ್ ಆರಿಸಿ ಹೋಗಬೇಕು. ಅದು ಹಾಗೇ ಇರಲಿ. ಪಹಣಿಯಲ್ಲಿ ಜಾಗದ ಜೊತೆ ಸಾಲದ ವಿವರವೂ ಇರುತ್ತದೆ. ಹುಡುಗಿ ನೋಡಲು ಹೊರಟವರು ಹೆಸರು ಗೂಗಲ್ ಮಾಡಿದ ಕೂಡಲೇ ಆ ಮನೆಯ ಸಾಲ ಕಾಣುವಂತಾದರೆ ಅದು ಅನುಕೂಲ ಅಲ್ಲ, ಅವಮಾನ. ಜನರ ಖಾಸಗಿ ವಿಚಾರಕ್ಕೆ ಬೀಗ, ಜನರಿಗೆ ಬೇಕಾದ ತಿಳಿವಳಿಕೆಗೆ ಬಾಗಿಲು. ಈ ಲೆಕ್ಕವನ್ನು ಮೊದಲೇ ಮಾಡಿ, ಕೋಡ್ ಆಮೇಲೆ ಬರೆಯಿರಿ.

ಇವತ್ತೇ ಒಂದು ಪರೀಕ್ಷೆ ಮಾಡಿ ನೋಡಿ. ನೀವು ಕಟ್ಟಿದ ಸೈಟಿನ ಒಳಪುಟವೊಂದರಿಂದ ಒಂದು ವಾಕ್ಯ ಎತ್ತಿ, ಉದ್ಧರಣ ಚಿಹ್ನೆಯೊಳಗಿಟ್ಟು ಗೂಗಲ್ ಮಾಡಿ. ಸಿಗದಿದ್ದರೆ ಸೋಮವಾರದ ಮೀಟಿಂಗಿನಲ್ಲಿ ಹೇಳಿ. ನಾಲ್ಕು ದಿನದ ಕೆಲಸ, ಮಳೆ ಹಿಡಿಯುವ ಮೊದಲು ಮುಗಿದೀತು.